ಚೈನ್ ಕವರ್ ಬಿಚ್ಚಿದ ಗಾಡಿ

"ಇದನ್ನು ಯಾಕೆ ಬಿಚ್ಚಿದ್ದು?" ಚೈನ್ ಕವರನ್ನು ಗಂಡನ ಮುಖದೆದುರು ಹಿಡಿದು ಚಂಪಾ ಕಿರುಚಿದಳು. ಹಳೇ ಬೈಕಿನ ಹಿಂದೆ ಎರಡು ದಪ್ಪ ಚಕ್ರ ಕೂರಿಸಿ ಮಾಡಿದ ಗಾಡಿಯ ಕವರ್ ಅದು. ಶಕ್ತಿನಗರದ ಗುಡ್ಡದ ಮೇಲೆ, ರಸ್ತೆಯೇ ಇಲ್ಲದ ಅವರ ನರ್ಸರಿಗೆ ದಿನಾ ಆ ಗಾಡಿಯಲ್ಲಿ ಗೊಬ್ಬರ ಸಾಗಿಸುವವಳು ಅವಳೇ, ಸೀರೆ ಉಟ್ಟುಕೊಂಡು.

"ಒಳಗೆ ಕೆಸರು ತುಂಬಿ ಚೈನ್ ಜಾಮ್ ಆಗ್ತದೆ ಮಾರಾಯ್ತಿ," ಎಂದ ನೋಣಯ್ಯ. "ನೀನು ಸುಮ್ಮನೆ ಹೆದರುದು."

"ಕೆಸರು ನಾನು ತೆಗೀತೇನೆ. ಸೀರೆ ಚೈನಿಗೆ ಸಿಕ್ಕಿದರೆ ಹೋದ ಕಾಲನ್ನು ನೀವು ತಂದು ಕೊಡ್ತೀರಾ?"

"ಎಂತದೂ ಆಗುದಿಲ್ಲ ಅಂದೆನಲ್ಲ! ನೋಡು, ನಾನೇ ಓಡಿಸಿ ತೋರಿಸ್ತೇನೆ." ಸಿಟ್ಟಿನಲ್ಲಿ ಗಾಡಿಯತ್ತ ನಡೆದ ನೋಣಯ್ಯ, ಹತ್ತುವ ಮೊದಲು ಪಾದದವರೆಗೆ ಇಳಿದಿದ್ದ ಲುಂಗಿಯನ್ನು ಎತ್ತಿ ಮೊಣಕಾಲಿನ ಮೇಲೆ ಬಿಗಿಯಾಗಿ ಕಟ್ಟಿದ.

"ಕಟ್ಟುದೆಂತಕ್ಕೆ?" ಚಂಪಾಳ ಮೈಯೆಲ್ಲ ಉರಿಯಿತು. "ಎಂತದೂ ಆಗುದಿಲ್ಲ ಅಲ್ವಾ? ಇಳಿಸಿ! ಇಳಿಬಿಟ್ಟುಕೊಂಡೇ ಓಡಿಸಿ!"

ನೋಣಯ್ಯನ ಕೈ ಲುಂಗಿಯ ಗಂಟಿಗೆ ಹೋಯಿತು. ಮುಚ್ಚಳವಿಲ್ಲದ ಚೈನಿನ ಮೇಲೆ ಕಣ್ಣು ಬಿದ್ದದ್ದೇ ಕೈ ಅಲ್ಲೇ ನಿಂತಿತು.

"ಸ್ಪ್ಯಾನರ್ ಎಲ್ಲುಂಟು?" ಎಂದು ಗದರಿದ.