ಆರು ಎಲೆ

ಚಾರಣಕ್ಕೆ ತಾನೂ ಬೇಕು ಅಂತ ಕರೆದರೋ, ಅಥವಾ ಜೀಪಿನಲ್ಲಿ ಒಂದು ಸೀಟು ಉಳಿದಿದೆಯೆಂದು ಕರೆದರೋ? ಹಾಸ್ಟೆಲಿಗೆ ಬಂದು ಎರಡು ವರ್ಷವಾದರೂ ಅವನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಈಗ ಶ್ರೀವತ್ಸನ ಗುಂಪಿನ ಐವರ ಕೋಣೆಯಲ್ಲಿ, ಅವರ ಮಂಚದ ಮೇಲೆಯೇ ಕೂತು, ಅವರೊಂದಿಗೆ ಬೆಟ್ಟದ ನಕ್ಷೆ ನೋಡುತ್ತಿದ್ದ.

"ಮೊದಲ ದಿನ ಜಲಪಾತ, ಎರಡನೇ ದಿನ ನೆತ್ತಿ," ಎಂದ ಶ್ರೀವತ್ಸ. "ನಾಲ್ಕಕ್ಕೇ ಹೊರಟ್ರೆ ಸೂರ್ಯೋದಯ ಸಿಗುತ್ತೆ."

"ಇವನು ನಡೆಯೋ ಸ್ಪೀಡಿಗೆ ಸೂರ್ಯಾಸ್ತನೇ ಗತಿ ಮಗಾ," ಎಂದು ಇನ್ನೊಬ್ಬ ಅವನ ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು. ಅವನೂ ನಕ್ಕ. ಅನುಮಾನ ಅಲ್ಲಿಗೆ ಮುಗಿಯಿತು.

ಊಟಕ್ಕೆ ಬೆಟ್ಟದ ಬುಡದ ಒಂದು ಮನೆಯ ನಂಬರ್ ಸಿಕ್ಕಿತ್ತು. ಅಲ್ಲಿನ ಕೊಟ್ಟೆ ಕಡುಬು, ಅಪ್ಪೆಹುಳಿ ಹೆಸರುವಾಸಿಯಂತೆ. ಶ್ರೀವತ್ಸ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಆರು ಜನ ಇದೀವಿ ಅಮ್ಮ. ಬಾಳೆಲೆ ಊಟ ಸಿಗುತ್ತಲ್ವಾ?"

"ಓಹೋ, ಬನ್ನಿ ಬನ್ನಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ನಮ್ಮವರೇನಾ? ನಮ್ಮಲ್ಲಿ ಒಳಗೆ ಕೂರಿಸೋದು ನಮ್ಮವರನ್ನ ಮಾತ್ರ. ಬೇರೆಯವರಿದ್ರೆ ಹೊರಗೆ ಜಗಲೀಲಿ ಬಡಿಸ್ತೀವಿ. ಊಟ ಎಲ್ಲರಿಗೂ ಒಂದೇ."

"ಅಯ್ಯೋ, ಅದಕ್ಕೇನಂತೆ ಅಮ್ಮ," ಎಂದ ಶ್ರೀವತ್ಸ, ನಕ್ಷೆಯಿಂದ ತಲೆ ಎತ್ತದೆ. "ಒಳಗೆ ಐದು ಎಲೆ ಹಾಕಿ. ಜಗಲೀಲಿ ಒಂದು."

ಜಗಲಿಯ ಎಲೆ ಯಾರಿಗೆಂದು ಉಳಿದವರು ಯಾರೂ ಕೇಳಲಿಲ್ಲ. ಅವನತ್ತ ನೋಡಲೂ ಇಲ್ಲ.

ತನ್ನ ಜಾತಿ ಯಾವುದೆಂದು ಅವನು ಅವರಿಗೆ ಎಂದೂ ಹೇಳಿರಲಿಲ್ಲ.