ಪಾಠದಲ್ಲಿರದ ಬಾಚಣಿಗೆ

ಎರಡು ಡೆಸ್ಕು ಜೋಡಿಸಿ ಮಲಗಿದ್ದ ಇಂಗ್ಲಿಷ್ ಟೀಚರ್ ಇಸ್ಕ್ರಾಳ ಹಣೆಯನ್ನು ಡೋನ್ಕಾ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದಳು. ಈ ಪಾಠದಲ್ಲಿ ಇಸ್ಕ್ರಾ ಹಾಸಿಗೆ ಹಿಡಿದ ಲಂಡನ್ನಿನ ಮುದುಕಿ, ಡೋನ್ಕಾ ಅವಳನ್ನು ನೋಡಿಕೊಳ್ಳುವವಳು. ಬಲ್ಗೇರಿಯಾ ಬಿಟ್ಟು ಅಲ್ಲಿಗೆ ಇದೇ ಕೆಲಸಕ್ಕೆ ಹೊರಟಿದ್ದ ಹೆಂಗಸರು ಸುತ್ತ ನಿಂತಿದ್ದರು. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಮನೆಮಾತಾಡಿದವರು ಎಲ್ಲರ ಕಾಫಿ ಕಪ್ ತೊಳೆಯಬೇಕು. ಅದು ಇಸ್ಕ್ರಾಳದೇ ಕಟ್ಟಳೆ.

"ನೀರು ಬಿಸಿ ಜಾಸ್ತಿ ಆಯ್ತಾ?" ಡೋನ್ಕಾ ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ," ಅಂದಳು ಇಸ್ಕ್ರಾ, ತಾನೇ ಬರೆದ ಪಾಠದಲ್ಲಿದ್ದ ಹಾಗೆ. ಗಂಡನನ್ನು ಮಣ್ಣು ಮಾಡಿ ಬಂದಾಗಿನಿಂದ ಅವಳಿಗೆ ಬಿಸಿಯೂ ಒಂದೇ, ತಂಪೂ ಒಂದೇ. ಕಪ್ಪು ಬಟ್ಟೆ ತೊಟ್ಟು ಬರುತ್ತಿದ್ದಳು, ಪಾಠ ಮಾಡುತ್ತಿದ್ದಳು, ಹೋಗುತ್ತಿದ್ದಳು. ಅಳು ಕೂಡ ಬಂದಿರಲಿಲ್ಲ.

ಡೋನ್ಕಾ ಬಟ್ಟೆ ಪಕ್ಕಕ್ಕಿಟ್ಟು ತನ್ನ ಚೀಲದಿಂದ ಬಾಚಣಿಗೆ ತೆಗೆದಳು. ಪಾಠದಲ್ಲಿ ಬಾಚಣಿಗೆ ಇರಲಿಲ್ಲ. ಸಿಕ್ಕುಗಟ್ಟಿದ ಕಡೆ ಇಸ್ಕ್ರಾಳ ಕೂದಲಿನ ಬುಡ ಒತ್ತಿ ಹಿಡಿದು, ನೋಯದ ಹಾಗೆ ಎಳೆ ಎಳೆಯಾಗಿ ಬಿಡಿಸಿದಳು. ಆಮೇಲೆ ಮತ್ತೆ ಇಂಗ್ಲಿಷಿನಲ್ಲಿ, "ಸಾಕಾ ಅಮ್ಮಾ?" ಅಂದಳು. ಇಲ್ಲಿ ಮುದುಕಿ "ಸಾಕು, ಥ್ಯಾಂಕ್ಸ್" ಅನ್ನಬೇಕು, ಟೀಚರ್ ಎದ್ದು ಕೂರಬೇಕು. ಇಸ್ಕ್ರಾ ಏಳಲಿಲ್ಲ. "ನಿಲ್ಲಿಸಬೇಡ ಕಣೇ," ಅಂದಳು ಕಣ್ಣು ಮುಚ್ಚಿಕೊಂಡೇ, ಬಲ್ಗೇರಿಯನ್ ಭಾಷೆಯಲ್ಲಿ.

"ಸಿಕ್ಕಿಬಿದ್ರಿ ಮೇಡಂ! ಇವತ್ತು ಕಪ್ ನಿಮ್ದೇ!" ಹೆಂಗಸರ ಹಿಂದೆ ನಿಂತಿದ್ದ ವೇಲಾ ನಗುತ್ತಾ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ನಗಲಿಲ್ಲ. ಇಸ್ಕ್ರಾ ಏಳಲು ಹೊರಟಳು. ಡೋನ್ಕಾ ಅವಳ ಭುಜದ ಮೇಲೆ ಕೈಯಿಟ್ಟು, ತಾನೂ ಮನೆಮಾತಿನಲ್ಲೇ ಹೇಳಿದಳು:

"ಮಲಗಿರಿ ಮೇಡಂ. ಕಪ್ ಇಬ್ಬರೂ ತೊಳೆಯೋಣ."