ಗಿರಮಿಟ್ ಬೋರ್ಡು

ಹಳ್ಳದ ಸೇತುವೆ ಕುಸಿದಿದೆ ಎಂದು ಬೈಕಿನವನೊಬ್ಬ ಕೂಗಿ ಹೇಳಿ ಊರಿನತ್ತ ಹೋದ. ನಿಂಬೆವ್ವ ರಟ್ಟಿನ ಮೇಲೆ ‘ಸೇತುವೆ ಇಲ್ಲ, ನಿಲ್ಲಿ’ ಎಂದು ಇದ್ದಿಲಿನಲ್ಲಿ ಬರೆದು ರಸ್ತೆಗೆ ಓಡಿದಳು. ಗಂಡ ಶಿವಪುತ್ರ ಅಂಗಡಿಯಿಂದಲೇ ಕೂಗಿದ: “ಅದರ ಮ್ಯಾಲ ಪರವಾನಗಿ ನಂಬರ್ ಎಲ್ಲೈತಿ? ಕಾರಿನವರಿಗೆ ಕಾಣಂಗಿಲ್ಲ!”

ನಿಜ. ಪರವಾನಗಿ ಇಲ್ಲದ ಫಲಕಗಳನ್ನು ಗಾಡಿಗಳ ಗಾಜು ಒಳಗಿನವರ ಕಣ್ಣಿಗೆ ಬೀಳದಂತೆ ಅಳಿಸಿಬಿಡುತ್ತದೆ. ರಸ್ತೆಬದಿ ಕೈಬೀಸಿ ಕರೆಯುವವರೂ ಜಾಹೀರಾತೇ ಎಂದು ಹೋದ ವರ್ಷ ಕಾಯ್ದೆ ತಿದ್ದಿದ ಮೇಲೆ, ಕೈ ಎತ್ತಿದರೆ ನಿಂಬೆವ್ವನೂ ಅಳಿಸಿಹೋಗುತ್ತಾಳೆ. ಕಾಣುವುದು ಸೇತುವೆಯತ್ತಲೇ ಕಳಿಸುವ ಪ್ರವಾಸೋದ್ಯಮ ಇಲಾಖೆಯ ಕಂದು ಫಲಕ: ‘ಕಲ್ಲುಗುಡಿ, ನೇರ ಹೋಗಿ.’

ಏರಿನಲ್ಲಿ ಬಿಳಿ ಕಾರೊಂದು ಕಾಣಿಸಿತು.

ನಿಂಬೆವ್ವ ರಟ್ಟು ಎಸೆದು, ಪರವಾನಗಿಯ ಪುಟ್ಟ ದೀಪ ಉರಿಯುತ್ತಿದ್ದ ತಮ್ಮದೇ ಅಂಗಡಿಯ ಬೋರ್ಡಿಗೆ ಕೈಹಾಕಿದಳು: ‘ಬಿಸಿ ಗಿರಮಿಟ್, ಎಡಕ್ಕೆ ತಿರುಗಿ.’

“ಜಾಗ ಬಿಟ್ಟು ಕಿತ್ತರ ಪರವಾನಗಿ ಹೋಗ್ತೈತಿ!” ಎನ್ನುತ್ತಲೇ ಶಿವಪುತ್ರ ಓಡಿಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ನಡುರಸ್ತೆಗೆ ಎಳೆದು ನಿಂತರು. ಕಾರಿನ ವೇಗ ತಗ್ಗಲಿಲ್ಲ. ನಿಂಬೆವ್ವ ಕಣ್ಣು ಮುಚ್ಚಿಕೊಂಡಳು.

ಬ್ರೇಕು ಕಿರುಚಿತು. ಕಾರು ಅಂಗಡಿಯ ಅಂಗಳಕ್ಕೆ ತಿರುಗಿತು.

ಅಷ್ಟರಲ್ಲಿ ಬೋರ್ಡಿನ ಮೇಲಿನ ಪರವಾನಗಿ ದೀಪ ಆರಿತು; ಇನ್ನು ಅದೂ ಯಾವ ಗಾಡಿಗೂ ಕಾಣದು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

“ಅಕ್ಕಾರ, ಗಿರಮಿಟ್ ಐತೇನ್ರಿ?” ಎಂದು ಕಾರಿನವನು ಇಳಿದ.

“ಐತ್ರಿ ಅಣ್ಣಾರ. ಸೇತುವೆ ಬಿದ್ದೈತಿ, ಮೊದಲ ನಿಮ್ಮ ಗಾಡಿ ರಸ್ತೆಗೆ ಅಡ್ಡ ಹಚ್ರಿ. ಗಾಡಿ ಎಲ್ಲಾರಿಗೂ ಕಾಣ್ತೈತಿ. ಆಮ್ಯಾಲ ಹೊಟ್ಟಿ ತುಂಬ ತಿನ್ರಿ. ನಾಳಿಂದ ನಮ್ಮ ಅಂಗಡೀನ ಯಾರಿಗೂ ಕಾಣಂಗಿಲ್ಲ.”